ಪತ್ತೇದಾರಿ ಧಾರಾವಾಹಿಯ ವಹಿ ಬರೆದ ಎಂಟು ವರ್ಷ

ರಾಯಚೂರಿನ ಸ್ಥಳೀಯ ಕೇಬಲ್ ವಾಹಿನಿಯೊಂದರಲ್ಲಿ ಪ್ರತಿ ಭಾನುವಾರ ರಾತ್ರಿ ಬರುತ್ತಿದ್ದ ಅರ್ಧ ಗಂಟೆಯ ಪತ್ತೇದಾರಿ ಧಾರಾವಾಹಿಯಲ್ಲಿ ನಾನು 2007ರಿಂದ 2015ರ ಕೊನೆಯವರೆಗೆ ಕೆಲಸ ಮಾಡಿದೆ. ಪರದೆಯ ಮೇಲೆ ನನ್ನದು ಕಚೇರಿಯ ಮೂಲೆಯಲ್ಲಿ ಕುಳಿತು ಫೋನ್ ಎತ್ತುವ ಮಹಿಳಾ ಪೇದೆಯ ಪಾತ್ರ. ಕಂತಿಗೆ ಮೂರು ಮಾತು ಸಿಕ್ಕರೆ ಹೆಚ್ಚು. ಪರದೆಯ ಹಿಂದೆ ನಾನು ವಹಿ ಬರೆಯುತ್ತಿದ್ದೆ. ಯಾರು ಯಾವ ಅಂಗಿ ತೊಟ್ಟಿದ್ದರು, ಟೀ ಲೋಟ ಯಾವ ಕೈಯಲ್ಲಿತ್ತು, ಬಾಗಿಲು ಎಷ್ಟು ತೆರೆದಿತ್ತು ಎಂಬುದನ್ನೆಲ್ಲ ದೃಶ್ಯವಾರು ದಾಖಲಿಸುವ ಈ ಕೆಲಸಕ್ಕೆ ದೊಡ್ಡ ತಂಡಗಳಲ್ಲಿ ಕಂಟಿನ್ಯುಟಿ ಎನ್ನುತ್ತಾರೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದು ಆವಕ-ಜಾವಕ ವಹಿ ನೋಡಿಕೊಳ್ಳುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ಅದು ನನ್ನ ಪಾಲಿಗೆ ಬಂತು. ಮೇಲಧಿಕಾರಿಗಳ ಲಿಖಿತ ಅನುಮತಿ ಪಡೆದು, ಸಂಭಾವನೆ ಮುಟ್ಟದೆ, ರಜಾ ದಿನಗಳಲ್ಲಿ ಮಾಡಿದ ಕೆಲಸವಿದು.

ನಮ್ಮದು ಖಾಯಂ ಒಂಬತ್ತು ಜನರ ತಂಡ. ಪ್ರೌಢಶಾಲೆಯ ಕನ್ನಡ ಮೇಷ್ಟ್ರೊಬ್ಬರು ಕಥೆ ಬರೆದು ನಿರ್ದೇಶಿಸುತ್ತಿದ್ದರು. ಪತ್ತೇದಾರಿ ಅಧಿಕಾರಿಯ ಪಾತ್ರ ಮಾಡುತ್ತಿದ್ದವರು ಬ್ಯಾಂಕಿನ ಕ್ಯಾಷಿಯರ್. ಶವಪರೀಕ್ಷೆಯ ಡಾಕ್ಟರ್ ಪಾತ್ರಕ್ಕೆ ಔಷಧಿ ಅಂಗಡಿಯ ಮಾಲೀಕರನ್ನು ಹಿಡಿದಿದ್ದೆವು. ಔಷಧಗಳ ಹೆಸರನ್ನು ತಡವರಿಸದೆ ಹೇಳಬಲ್ಲವರು ಊರಿನಲ್ಲಿ ಅವರೊಬ್ಬರೇ ಎಂದು ಮೇಷ್ಟ್ರ ಅಂದಾಜು. ಹಿಂದಿಯ ‘ಸಿ.ಐ.ಡಿ.’ ಆಗ ಪ್ರತಿ ಮನೆಯಲ್ಲೂ ನಡೆಯುತ್ತಿತ್ತು. 1998ರ ಜನವರಿಯಲ್ಲಿ ಶುರುವಾದ ಆ ಸರಣಿ 2018ರ ಅಕ್ಟೋಬರ್‌ನಲ್ಲಿ ನಿಲ್ಲುವ ಹೊತ್ತಿಗೆ 1547 ಕಂತುಗಳನ್ನು ಮುಗಿಸಿತ್ತು. ಅದರಲ್ಲಿ ಎಸಿಪಿ ಪ್ರದ್ಯುಮ್ನನಾದ ಶಿವಾಜಿ ಸಾಟಂ ಅವರು ಮರಾಠಿ ರಂಗಭೂಮಿಯಿಂದ ಬಂದವರು ಮತ್ತು ಅದಕ್ಕೂ ಮೊದಲು ಬ್ಯಾಂಕಿನಲ್ಲಿ ದುಡಿಯುತ್ತಿದ್ದವರು ಎಂದು ತಿಳಿದ ದಿನ ನಮ್ಮ ಕ್ಯಾಷಿಯರ್ ಸಾಹೇಬರು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಿದರು.

ಕ್ಯಾಮೆರಾ ಮದುವೆಯ ವಿಡಿಯೋ ತೆಗೆಯುವ ಸ್ಟುಡಿಯೋದವರದ್ದು. ಹೀಗಾಗಿ ನಮ್ಮ ಚಿತ್ರೀಕರಣದ ವೇಳಾಪಟ್ಟಿಯನ್ನು ನಿರ್ಧರಿಸುತ್ತಿದ್ದುದು ಪಂಚಾಂಗ. ಲಗ್ನದ ಮುಹೂರ್ತಗಳಿರುವ ತಿಂಗಳುಗಳಲ್ಲಿ ಕ್ಯಾಮೆರಾ ಸಿಗುತ್ತಿರಲಿಲ್ಲ. ಆಷಾಢ ಮತ್ತು ಧನುರ್ಮಾಸ ಬಂದರೆ ಸ್ಟುಡಿಯೋದವರು ಖಾಲಿ, ನಾವು ಹಗಲು ರಾತ್ರಿ ಕೆಲಸಕ್ಕೆ. ಆಷಾಢದಲ್ಲಿ ತೆಗೆದ ಕಂತು ದೀಪಾವಳಿಗೆ ಪ್ರಸಾರವಾಗುತ್ತಿತ್ತು. ಒಂದೇ ದಿನ ನಾಲ್ಕು ಬೇರೆ ಬೇರೆ ಕಂತುಗಳ ಕಚೇರಿ ದೃಶ್ಯಗಳನ್ನು ಒಟ್ಟಿಗೆ ತೆಗೆಯುತ್ತಿದ್ದೆವು, ಏಕೆಂದರೆ ಕಚೇರಿಯಾಗಿ ಬಳಸುತ್ತಿದ್ದ ಕೋಣೆ ಟ್ಯೂಷನ್ ಕ್ಲಾಸಿನದ್ದು, ಸಂಜೆ ಐದಕ್ಕೆ ಮಕ್ಕಳು ಬರುತ್ತಿದ್ದರು. ಗೋಡೆಯ ಕ್ಯಾಲೆಂಡರ್ ತೆಗೆಸಿದ್ದು ಮತ್ತು ಮೇಜಿನ ಮೇಲೆ ದಿನಪತ್ರಿಕೆ ಇಡಬಾರದೆಂದದ್ದು ನನ್ನ ಮೊದಲ ಎರಡು ಆಜ್ಞೆಗಳು.

ಮಿನಿ ಡಿವಿ ಟೇಪಿನ ಕಾಲವದು. ಒಂದು ಟೇಪಿಗೆ ಅರವತ್ತು ನಿಮಿಷ, ಕಂಪ್ಯೂಟರಿಗೆ ಇಳಿಸಲು ಮತ್ತೆ ಅಷ್ಟೇ ಸಮಯ. ಹಿಂದಿನ ದೃಶ್ಯದಲ್ಲಿ ಏನಿತ್ತೆಂದು ನೋಡಲು ಟೇಪನ್ನು ಹಿಂದಕ್ಕೆ ಸುತ್ತಿದರೆ, ಮತ್ತೆ ಸರಿಯಾದ ಜಾಗಕ್ಕೆ ತರುವುದನ್ನು ಮರೆತು ಆ ದೃಶ್ಯದ ಬಾಲವನ್ನೇ ಅಳಿಸಿ ಹಾಕುವ ಅಪಾಯವಿತ್ತು. ಎರಡು ಸಲ ಹಾಗಾದ ಮೇಲೆ ಟೇಪು ಸುತ್ತುವುದನ್ನು ನಿಷೇಧಿಸಿ ವಹಿಯನ್ನೇ ನಂಬಬೇಕೆಂದು ತೀರ್ಮಾನಿಸಿದೆವು.

ವಹಿಯಲ್ಲಿ ನಾನು ಅತಿ ಹೆಚ್ಚು ಬರೆದದ್ದು ಬೆವರಿನ ಬಗ್ಗೆ ಎಂದರೆ ಹೊರಗಿನವರಿಗೆ ನಗು ಬರಬಹುದು. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಅದನ್ನು ಆರಿಸಿ, ಮುಚ್ಚಿದ ಕೋಣೆಯಲ್ಲಿ ಎರಡು ಹ್ಯಾಲೊಜೆನ್ ದೀಪ ಹಚ್ಚಿದರೆ ರಾಯಚೂರಿನಲ್ಲಿ ಹತ್ತು ನಿಮಿಷಕ್ಕೆ ಅಂಗಿ ಮೈಗೆ ಅಂಟಿಕೊಳ್ಳುತ್ತದೆ. ಪ್ರಶ್ನೆ ಕೇಳುವಾಗ ಒಣಗಿದ್ದ ಅಧಿಕಾರಿಯ ಕಂಕುಳು, ಉತ್ತರ ಬರುವ ಹೊತ್ತಿಗೆ ಒದ್ದೆಯಾಗಿ, ಮುಂದಿನ ಪ್ರಶ್ನೆಗೆ ಮತ್ತೆ ಒಣಗಿರುತ್ತಿತ್ತು. ಸಾಹೇಬರಿಗೆ ಒಂದೇ ಥಾನಿನ ಬೂದು ಬಟ್ಟೆಯಲ್ಲಿ ಮೂರು ಜೊತೆ ಸಫಾರಿ ಹೊಲಿಸಿ, ‘ಒಣ’, ‘ಅರೆ’, ‘ಪೂರ್ತಿ’ ಎಂದು ಮೂರು ಮಟ್ಟಗಳನ್ನು ಗುರುತಿಸಿಕೊಂಡು, ಹೂವಿನ ಕುಂಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಬೇಕಾದ ಮಟ್ಟಕ್ಕೆ ತರುತ್ತಿದ್ದೆ. ಅಮೆರಿಕದ ‘ಕೊಲಂಬೊ’ ಸರಣಿಯ ನಟ ಪೀಟರ್ ಫಾಕ್ ತನ್ನ ಸ್ವಂತದ ಹಳೆಯ ಮಳೆಯಂಗಿಯನ್ನೇ ಪಾತ್ರಕ್ಕೆ ತಂದು ವರ್ಷಗಟ್ಟಲೆ ಅದನ್ನೇ ತೊಟ್ಟನೆಂದು ಆಮೇಲೆ ಓದಿದಾಗ, ಅಲ್ಲಿ ವಹಿ ಬರೆದವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆದರೆ ಅಂಗಿ, ಲೋಟ, ಬಾಗಿಲುಗಳು ಎಲ್ಲ ಧಾರಾವಾಹಿಗಳಿಗೂ ಇರುವ ತೊಂದರೆ. ಪತ್ತೇದಾರಿ ಕಥೆಗೆ ಇನ್ನೊಂದು ವಿಶೇಷವಾದ ತೊಂದರೆಯಿದೆ, ಅದನ್ನು ನಾನು ಪೆಟ್ಟು ತಿಂದು ಕಲಿತೆ. ರಾಜೇಂದ್ರ ಗಂಜಿನ ಹತ್ತಿ ದಲಾಲಿಯೊಬ್ಬನ ಸಾವಿನ ಕಂತು. ಹತ್ತಿಗೆ ಹೊಡೆಯುವ ಕೀಟನಾಶಕ, ನಮ್ಮ ಕಡೆ ಬರಿಯ ‘ಎಣ್ಣಿ’ ಎನ್ನುವುದು, ಊಟದಲ್ಲಿ ಬೆರೆತಿರುತ್ತದೆ. ಆರ್ಗನೊಫಾಸ್ಫೇಟ್ ವಿಷಕ್ಕೆ ಬೆಳ್ಳುಳ್ಳಿಯಂಥ ವಾಸನೆಯಿರುವುದರಿಂದ ಒಗ್ಗರಣೆಯ ಸಾರಿನಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಡಾಕ್ಟರ್ ವರದಿ ಕೊಡುವ ದೃಶ್ಯವನ್ನು ಗುರುವಾರ ತೆಗೆದೆವು. ಕಥೆಯಲ್ಲಿ ಅದಕ್ಕಿಂತ ಮೊದಲು ಬರುವ ವಿಚಾರಣೆಯ ದೃಶ್ಯವನ್ನು ಭಾನುವಾರ ತೆಗೆದೆವು. ಅಷ್ಟರಲ್ಲಿ ಸಾಹೇಬರಿಗೆ ವಿಷದ ವಿಚಾರ ಬಾಯಿಪಾಠವಾಗಿತ್ತು. ಮಾತಿನ ಭರದಲ್ಲಿ “ಊಟಕ್ಕ ಎಣ್ಣಿ ಹಾಕಿದವ ಮನ್ಯಾಗಿನವನ” ಎಂದುಬಿಟ್ಟರು. ನನ್ನ ವಹಿಯಲ್ಲಿ ಅಂಗಿ ಸರಿಯಿತ್ತು, ಗಡಿಯಾರ ಸರಿಯಿತ್ತು, ಆದ್ದರಿಂದ ಸರಿ ಎಂದು ಗುರುತು ಹಾಕಿದೆ. ಪ್ರಸಾರವಾದ ಮರುದಿನ ಕಿರಾಣಿ ಅಂಗಡಿಯವನು ಸಕ್ಕರೆ ತೂಗುತ್ತ ಕೇಳಿದ: “ಅಕ್ಕಾರ, ರಿಪೋರ್ಟ್ ಬರಾಕಿಂತ ಮದ್ಲ ನಿಮ್ ಸಾಹೇಬ್ರಿಗೆ ಹೆಂಗ ಗೊತ್ತಾತ್ರಿ? ಅವರ ಹಾಕ್ಯಾರೇನು?”

ಅಂದಿನಿಂದ ವಹಿಗೆ ಹೊಸ ಅಂಕಣಗಳು ಸೇರಿದವು. ಪ್ರತಿ ದೃಶ್ಯದ ಎದುರು, ಆ ಗಳಿಗೆಯಲ್ಲಿ ಅಧಿಕಾರಿಗೆ ಏನು ಗೊತ್ತು, ಡಾಕ್ಟರಿಗೆ ಏನು ಗೊತ್ತು, ಕೊಲೆಗಾರನಿಗೆ ಪೊಲೀಸರ ಬಗ್ಗೆ ಏನು ಗೊತ್ತು, ಕೊನೆಯಲ್ಲಿ ಮನೆಯಲ್ಲಿ ಕುಳಿತು ನೋಡುವವರಿಗೆ ಏನು ಗೊತ್ತು. ಈ ಕೊನೆಯ ಅಂಕಣವೇ ಕಷ್ಟದ್ದು. ಅಧಿಕಾರಿಗೆ ಗೊತ್ತಿದ್ದು ನೋಡುವವರಿಗೆ ಗೊತ್ತಿಲ್ಲದ ಸಂಗತಿ ಒಂದು ಕಂತಿಗೆ ಒಂದಿದ್ದರೆ ಜನ ಕ್ಷಮಿಸುತ್ತಾರೆ. ಎರಡಾದರೆ ಮೋಸ ಎನ್ನುತ್ತಾರೆ, ಮತ್ತು ಅವರು ಹೇಳುವುದು ಸರಿ. ಈ ಅಂಕಣಗಳನ್ನು ತುಂಬಲು ಶುರು ಮಾಡಿದ ಮೇಲೆ ಮೇಷ್ಟ್ರು ಕಥೆ ಬರೆದ ಕೂಡಲೇ ಚಿತ್ರೀಕರಣಕ್ಕಿಂತ ಮೊದಲು ನನ್ನ ಕೈಗೆ ಕೊಡತೊಡಗಿದರು. ಕಥೆಯ ತೂತುಗಳು ವಹಿಯ ಖಾಲಿ ಮನೆಗಳಲ್ಲಿ ಎದ್ದು ಕಾಣುತ್ತಿದ್ದವು.

ನಟರಿಗೆ ಕೊಲೆಗಾರ ಯಾರೆಂದು ಹೇಳಬೇಕೇ ಬೇಡವೇ ಎಂಬುದರ ಬಗ್ಗೆ ನನಗೂ ಮೇಷ್ಟ್ರಿಗೂ ಕೊನೆಯವರೆಗೆ ಜಗಳವಿತ್ತು. ಯಾರಿಗೂ ಹೇಳಬಾರದೆಂದು ಅವರು. ಕೊಲೆಗಾರನ ಪಾತ್ರ ಮಾಡುವವರಿಗೆ ಹೇಳಲೇಬೇಕು, ಉಳಿದವರಿಗೆ ಹೇಳಬಾರದು ಎಂದು ನಾನು. ತಾನು ನಿರಪರಾಧಿ ಎಂದು ಗೊತ್ತಾದ ನಟ ಕಣ್ಣರಳಿಸಿ ಮುಗ್ಧನಾಗಲು ಹೋಗುತ್ತಾನೆ. ಮುಗ್ಧತೆಯ ನಟನೆಯಷ್ಟು ಸಂಶಯ ಹುಟ್ಟಿಸುವುದು ಬೇರೆ ಇಲ್ಲ.

ಹೆಣದ ಪಾತ್ರಕ್ಕೆ ಜನ ಸಿಗುತ್ತಿರಲಿಲ್ಲ. “ಅಕ್ಕಾರ, ಏನರ ಆಗ್ತೀನ್ರಿ, ಹೆಣ ಆಗಂಗಿಲ್ರಿ, ಅವ್ವ ಮನಿ ಒಳಗ ಕರ್ಕೊಳ್ಳಂಗಿಲ್ಲ” ಎಂದು ಹುಡುಗರು ಕೈಮುಗಿಯುತ್ತಿದ್ದರು. ಒಪ್ಪಿದವರಿಗೂ ದೃಶ್ಯ ಮುಗಿದ ಮೇಲೆ ತೆಂಗಿನಕಾಯಿ ಇಳಿ ತೆಗೆದು ಒಡೆದು, ಕೈಗೆ ಬೆಲ್ಲ ಕೊಟ್ಟು ಕಳಿಸುವುದು ಪದ್ಧತಿಯಾಯಿತು. ರಕ್ತಕ್ಕೆ ಜೋನಿ ಬೆಲ್ಲದಲ್ಲಿ ಕೆಂಪು ಬಣ್ಣ ಕಲಸಿದ ಒಂದು ಕಂತಿನಲ್ಲಿ ಇರುವೆ ಮುತ್ತಿ ಹೆಣ ಎದ್ದು ಓಡಿತು. ನಂತರ ನಾವು ಪಾದಗಳನ್ನಷ್ಟೇ ತೋರಿಸತೊಡಗಿದೆವು. ಸತ್ತವರ ಹಾರ ಹಾಕಿದ ಫೋಟೋಕ್ಕೂ ಇದೇ ಪಾಡು. ಜೀವಂತವಿರುವ ಯಾರೂ ತಮ್ಮ ಚಿತ್ರ ಕೊಡಲಿಲ್ಲ. ಕಡೆಗೆ ಸ್ಟುಡಿಯೋದವರು ತೀರಿಕೊಂಡ ತಮ್ಮ ತಂದೆಯವರದ್ದನ್ನೇ ಕೊಟ್ಟರು. ಎಂಟು ವರ್ಷಗಳಲ್ಲಿ ಆ ಹಿರಿಯರು ನಮ್ಮಲ್ಲಿ ಎಷ್ಟು ಸಲ ಕೊಲೆಯಾದರೆಂದು ಲೆಕ್ಕವಿಡಲು ನನಗೆ ಮನಸ್ಸಾಗಲಿಲ್ಲ.

ಹಿರಿಯ ಪೇದೆಯ ಪಾತ್ರ ಮಾಡುತ್ತಿದ್ದವರು ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ದುಡಿದವರು, ಕೊಪ್ಪಳದ ಗವಿಮಠದ ಜಾತ್ರೆಯ ಥಿಯೇಟರುಗಳಲ್ಲಿ ಕೊನೆಯ ಸಾಲಿಗೆ ಮುಟ್ಟುವಂತೆ ಮಾತಾಡಿ ಬೆಳೆದ ಕಂಠ. ಕ್ಯಾಮೆರಾ ಎರಡು ಮಾರು ದೂರದಲ್ಲಿರುವಾಗಲೂ ಅವರು “ನಮಸ್ಕಾರ ಸಾಹೇಬರ” ಎಂದರೆ ಮೈಕಿನ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ದನಿ ಇಳಿಸಿರೆಂದರೆ ಮುಖವೂ ಇಳಿಯುತ್ತಿತ್ತು. ನಾನು ಚೌಕಟ್ಟಿನ ಹೊರಗೆ ಅವರ ಹತ್ತಿರವೇ ಕೂತು, “ಅಣ್ಣಾರ, ನನ್ನ ಒಬ್ಬಾಕಿಗೆ ಹೇಳ್ರಿ” ಎನ್ನುತ್ತಿದ್ದೆ. ಅಲ್ಲಿಂದಾಚೆಗೆ ಅವರ ಪಾತ್ರ ಗುಟ್ಟು ಹೇಳುವ ಪೇದೆಯಾಗಿ ಹೆಸರಾಯಿತು.

ಅತಿಥಿ ನಟರದ್ದು ಇನ್ನೊಂದು ಸಮಸ್ಯೆ. ಊರಿಗೆ ಪರಿಚಿತರಾದ ರಂಗಕಲಾವಿದರು ಒಂದು ಕಂತಿಗೆ ಬಂದರೆ ಸಾಕು, ಇಷ್ಟು ದೊಡ್ಡವರು ಬರಿ ಟೀ ಕುಡಿದು ಹೋಗಲು ಬರುವುದಿಲ್ಲ, ಕೊಲೆಗಾರ ಇವರೇ ಎಂದು ಜನ ಮೊದಲ ಐದು ನಿಮಿಷಕ್ಕೇ ಹೇಳಿಬಿಡುತ್ತಿದ್ದರು. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಸೃಷ್ಟಿಸಿದ ‘ಕೊಲಂಬೊ’ದಲ್ಲಿ ಕೊಲೆಗಾರನನ್ನು ಮೊದಲೇ ತೋರಿಸಿ, ಅವನು ಸಿಕ್ಕಿಬೀಳುವ ಬಗೆಯನ್ನಷ್ಟೇ ಕಥೆಯಾಗಿಸುತ್ತಾರೆ. ಆ ರೀತಿಯನ್ನು ಮೇಷ್ಟ್ರು ಅಳವಡಿಸಿಕೊಂಡ ಮೇಲೆ ದೊಡ್ಡ ಕಲಾವಿದರನ್ನು ಧೈರ್ಯವಾಗಿ ಕರೆಯಲು ಸಾಧ್ಯವಾಯಿತು. ಅವರಿಗೂ ಅಭಿನಯಿಸಲು ಹೆಚ್ಚು ಸಿಕ್ಕಿತು.

2004ರಲ್ಲಿ ನಿರ್ದೇಶಕ ಬಿ.ಪಿ. ಸಿಂಗ್ ಅವರ ತಂಡ 111 ನಿಮಿಷಗಳ ಒಂದು ‘ಸಿ.ಐ.ಡಿ.’ ಕಂತನ್ನು ಎಲ್ಲಿಯೂ ಕಡಿಯದೆ ಒಂದೇ ಓಟದಲ್ಲಿ ಚಿತ್ರೀಕರಿಸಿದ್ದನ್ನು ಕೇಳಿ, ನಾವೂ ಅನುಮತಿ ಪಡೆದು ಕೋಟೆಯಲ್ಲಿ ಏಳು ನಿಮಿಷದ ಒಂದೇ ಓಟಕ್ಕೆ ಕೈಹಾಕಿದೆವು. 1294ರ ಶಾಸನವಿರುವ ನಲವತ್ತೊಂದು ಅಡಿಯ ಕಲ್ಲಿನ ಮುಂದೆ ಅಪರಾಧಿ ತಪ್ಪೊಪ್ಪಿಕೊಳ್ಳಬೇಕು. ಆರನೆಯ ನಿಮಿಷಕ್ಕೆ ಆಡಿನ ಹಿಂಡು ನುಗ್ಗಿತು. ಎರಡನೆಯ ಸಲ ಬ್ಯಾಟರಿ ಸತ್ತಿತು. ಮೂರನೆಯ ಸಲ ಮಾಡಲಿಲ್ಲ.

2013ರಲ್ಲಿ ಸಾಹೇಬರಿಗೆ ಕಲಬುರಗಿಗೆ ವರ್ಗವಾಯಿತು. ಸರಣಿ ಮುಗಿಯಿತೆಂದೇ ಎಲ್ಲರೂ ತಿಳಿದರು. ಸ್ಕಾಟ್ಲೆಂಡಿನ ‘ಟ್ಯಾಗರ್ಟ್’ ಸರಣಿಯಲ್ಲಿ ಆ ಹೆಸರಿನ ಪಾತ್ರಧಾರಿ ಮಾರ್ಕ್ ಮೆಕ್‌ಮ್ಯಾನಸ್ 1994ರಲ್ಲಿ ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ಸರಣಿ 2010ರವರೆಗೆ ನಡೆಯಿತು; ಇಂಗ್ಲೆಂಡಿನ ‘ಮಿಡ್‌ಸಮರ್ ಮರ್ಡರ್ಸ್’ನಲ್ಲಿ 2011ರಲ್ಲಿ ಜಾನ್ ನೆಟಲ್ಸ್ ಬಿಟ್ಟಾಗ, ನೀಲ್ ಡಜನ್ ಅವರನ್ನು ಹಿಂದಿನ ಅಧಿಕಾರಿಯ ಸೋದರಸಂಬಂಧಿಯಾಗಿ ತಂದು ಬಾರ್ನಬಿ ಎಂಬ ಮನೆತನದ ಹೆಸರನ್ನು ಉಳಿಸಿಕೊಂಡರು. ಮೇಷ್ಟ್ರು ಅಂತರ್ಜಾಲದಲ್ಲಿ ಓದಿ ತಂದ ಈ ಉದಾಹರಣೆಗಳು ನಮಗೆ ಧೈರ್ಯ ಕೊಟ್ಟವಾದರೂ, ತಮ್ಮನನ್ನೋ ಅಳಿಯನನ್ನೋ ತರುವುದು ನನಗೆ ಒಪ್ಪಿಗೆಯಾಗಲಿಲ್ಲ. ಸರ್ಕಾರಿ ನೌಕರರಿಗೆ ಆಗುವುದೇ ವರ್ಗಾವಣೆ. ಕಥೆಯಲ್ಲೂ ಅದನ್ನೇ ಆಗಗೊಡೋಣ ಎಂದೆ. ಟ್ಯೂಷನ್ ಕೋಣೆಯಲ್ಲಿ ಶಾಲು, ಹಾರ, ಫಲತಾಂಬೂಲಗಳೊಂದಿಗೆ ಬೀಳ್ಕೊಡುಗೆ ದೃಶ್ಯ ತೆಗೆದೆವು. ಗುಟ್ಟು ಹೇಳುವ ಪೇದೆ ಆ ದಿನ ಗುಟ್ಟು ಮರೆತು ಹಳೆಯ ಕಂಪನಿ ದನಿಯಲ್ಲಿ ಅತ್ತರು, ಮುಳ್ಳು ಕೆಂಪಿಗೆ ಹೋಯಿತು, ಅದನ್ನು ಹಾಗೆಯೇ ಉಳಿಸಿಕೊಂಡೆವು. ಆ ಬಳಿಕ ಸಾಹೇಬರು ಕಲಬುರಗಿಯಿಂದ ಫೋನಿನಲ್ಲಿ ಸಲಹೆ ಕೊಡುವ ದನಿಯಾದರು. ಫೋನ್ ಎತ್ತುವವಳು ನಾನೇ ಆದ್ದರಿಂದ ನನ್ನ ಮಾತುಗಳು ಮೂರರಿಂದ ಮೂವತ್ತಕ್ಕೇರಿದವು, ಮತ್ತು ಪ್ರಕರಣಗಳನ್ನು ಬಿಡಿಸುವ ಕೆಲಸ ಮೆಲ್ಲಗೆ ಆ ಮೂಲೆಯ ಮೇಜಿಗೆ ಬಂತು. ಚೌಕಟ್ಟಿನೊಳಗಿದ್ದಾಗ ವಹಿ ಬರೆಯಲಾಗದೆ ತಪ್ಪುಗಳು ಹೆಚ್ಚಿದವು ಎಂಬುದನ್ನೂ ಇಲ್ಲಿ ಹೇಳಬೇಕು. ನನ್ನದೇ ಬಳೆಗಳು ಒಂದು ದೃಶ್ಯದಲ್ಲಿ ನಾಲ್ಕು, ಮುಂದಿನದರಲ್ಲಿ ಆರು.

ಕೇಬಲ್ ಡಿಜಿಟಲ್ ಆಗಲು ನಮ್ಮಂಥ ಊರುಗಳಿಗೆ 2015ರ ಡಿಸೆಂಬರ್ 31 ಗಡುವಾಗಿತ್ತು. ಮನೆ ಮನೆಗೆ ಸೆಟ್‌ಟಾಪ್ ಬಾಕ್ಸ್ ಬಂದು, ಹೊಸ ವ್ಯವಸ್ಥೆಯಲ್ಲಿ ಜಾಗ ಪಡೆಯುವ ಖರ್ಚು ಹೊರಲಾಗದೆ ನಮ್ಮ ವಾಹಿನಿಯವರು ಕೈಚೆಲ್ಲಿದರು. ಆ ವರ್ಷದ ಆಷಾಢದಲ್ಲಿ ತೆಗೆದ ಎರಡು ಕಂತುಗಳು ಪ್ರಸಾರವಾಗಲಿಲ್ಲ. ಅವುಗಳಲ್ಲಿ ಎರಡನೆಯದಕ್ಕೆ ಸಾಹೇಬರು ಒಂದು ದಿನದ ರಜೆ ಹಾಕಿ, ಬೂದು ಸಫಾರಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ವಹಿಯ ಕೊನೆಯ ಪುಟದಲ್ಲಿ ನನ್ನ ಅಕ್ಷರದಲ್ಲಿ ಹೀಗಿದೆ: “ದೃಶ್ಯ 14. ಸಫಾರಿ, ಅರೆ. ಗಡಿಯಾರ ಎಡಗೈ. ಮೀಸೆ ಇಲ್ಲ, ಕಲಬುರಗಿಯಲ್ಲಿ ಬೋಳಿಸಿದ್ದಾರೆ. ಕಾರಣವನ್ನು ಮುಂದಿನ ಕಂತಿನಲ್ಲಿ ಹೇಳಿಸಬೇಕು.”