ಎಚ್‌ಎಇ ಇದ್ದವರ ಜೇಬಿಗೆ ಒಂದು ಕಾರ್ಡ್: ಮಾಡಿಕೊಳ್ಳುವುದು ಹೀಗೆ

ಎಚ್‌ಎಇ ಅಂದರೆ ಹೆರಿಡಿಟರಿ ಆಂಜಿಯೋಎಡಿಮಾ, ಮೈ ಅಲ್ಲಲ್ಲಿ ಊದುವ ವಂಶಪಾರಂಪರ್ಯ ಕಾಯಿಲೆ, ಅಲರ್ಜಿಯಲ್ಲ. ಊದಿದಾಗ ಡಾಕ್ಟರಿಗೆ ತೋರಿಸಲು ಒಂದು ಕಾರ್ಡ್ ಬೇಕು. ಅದರ ಮೊದಲ ಸಾಲಿನಲ್ಲೇ ‘ಅಲರ್ಜಿ’ ಅಂತ ಬರೆದು ಲ್ಯಾಮಿನೇಟ್ ಮಾಡಿಸಿಕೊಂಡ ಇಬ್ಬರನ್ನು ನೋಡಿದ್ದೇನೆ. ಒಬ್ಬಳು ನಮ್ಮ ಅಕ್ಕನ ಮಗಳು. ಒಂದು ರಾತ್ರಿ ತುಟಿ ಊದಿ ಆಸ್ಪತ್ರೆಗೆ ಓಡಿದಳು. ಡ್ಯೂಟಿ ಡಾಕ್ಟರು ಕಾರ್ಡ್ ನೋಡಿ ಅವಿಲ್ ಎಂಬ ಆಂಟಿಹಿಸ್ಟಮಿನ್ (ಅಲರ್ಜಿ ಔಷಧಿ) ಕೊಟ್ಟರು, ಸ್ಟೀರಾಯ್ಡ್ ಕೊಟ್ಟರು, ಕಾಯಿರಿ ಅಂದರು. ಊತ ನಾಲಿಗೆಗೂ ಹಬ್ಬಿತು. ಅವರನ್ನು ಬೈದು ಏನು ಪ್ರಯೋಜನ? ದಾರಿ ತಪ್ಪಿಸಿದ್ದು ನಮ್ಮ ಕಾರ್ಡೇ.

ಇದು ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಹೆಚ್ಚಿನವರಲ್ಲಿ ಸಿ1 ಇನ್ಹಿಬಿಟರ್ ಎಂಬ ಪ್ರೋಟೀನು ಕಡಿಮೆ ಇರುತ್ತದೆ, ಇಲ್ಲವೇ ಇದ್ದೂ ಕೆಲಸ ಮಾಡುವುದಿಲ್ಲ. ಈ ಕೊರತೆ 1963ರಲ್ಲೇ ಗೊತ್ತಾದ ವಿಷಯ. ಈ ಪ್ರೋಟೀನು ಸಾಲದೆ ಹೋದಾಗ ಬ್ರಾಡಿಕೈನಿನ್ ಎಂಬ ದೇಹದ ರಾಸಾಯನಿಕ ಜಾಸ್ತಿಯಾಗಿ ರಕ್ತನಾಳದಿಂದ ನೀರು ಸೋರುತ್ತದೆ, ಊದುತ್ತದೆ. ಅಲರ್ಜಿಯ ದದ್ದು, ತುರಿಕೆ ಇದರಲ್ಲಿ ಇರುವುದಿಲ್ಲ.

ಮೊದಲು, ಸಿ4 (ರಕ್ತದಲ್ಲಿರುವ ಇನ್ನೊಂದು ಪ್ರೋಟೀನು) ಮತ್ತು ಸಿ1 ಇನ್ಹಿಬಿಟರ್ ರಿಪೋರ್ಟುಗಳ ಜೆರಾಕ್ಸ್ ತೆಗೆಸಿಡಿ.

ಎರಡನೆಯದು ಬರೆಯುವುದು. ಎಡವುವುದೆಲ್ಲ ಇಲ್ಲೇ. ಇಂಗ್ಲಿಷಿನಲ್ಲೇ ಬರೆಯಿರಿ, ಕನ್ನಡ ಹಿಂಬದಿಗೆ ಇರಲಿ. ಕಾಯಿಲೆಯ ಪೂರ್ತಿ ಹೆಸರು ದಪ್ಪಕ್ಷರದಲ್ಲಿ ಬರಲಿ. ಅದರ ಕೆಳಗೆ: ‘ಇದು ಬ್ರಾಡಿಕೈನಿನ್ ಊತ. ಆಂಟಿಹಿಸ್ಟಮಿನ್, ಸ್ಟೀರಾಯ್ಡ್, ಅಡ್ರಿನಾಲಿನ್‌ಗೆ ಇಳಿಯುವುದಿಲ್ಲ.’ ಮೂರನೇ ಸಾಲು ಔಷಧಿಗೆ: ಸಿ1 ಇನ್ಹಿಬಿಟರ್ ಇಂಜೆಕ್ಷನ್ ಅಥವಾ ಇಕಟಿಬ್ಯಾಂಟ್ (ಬ್ರಾಡಿಕೈನಿನ್ ತಡೆಯುವ ಇಂಜೆಕ್ಷನ್), ಎರಡೂ ಸಿಗದಿದ್ದರೆ ಎಫ್‌ಎಫ್‌ಪಿ, ಅಂದರೆ ಫ್ರೆಶ್ ಫ್ರೋಜನ್ ಪ್ಲಾಸ್ಮಾ, ದಾನಿಯ ರಕ್ತದಿಂದ ತೆಗೆದು ಫ್ರೀಜ್ ಮಾಡಿಟ್ಟ ದ್ರವ. ಪ್ರಮಾಣವನ್ನು ನಿಮ್ಮ ತಜ್ಞರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ. ಸಹಿಯಿಲ್ಲದ ಕಾರ್ಡನ್ನು ರಾತ್ರಿ ಎರಡು ಗಂಟೆಗೆ ಯಾರು ನಂಬುತ್ತಾರೆ? ಪ್ಲಾಸ್ಮಾ ಕರಗಿಸಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಬ್ಲಡ್ ಗ್ರೂಪೂ ಇರಲಿ, ಅವರು ಮತ್ತೆ ಪರೀಕ್ಷೆ ಮಾಡಿದರೂ ಸರಿ.

ನಾಲ್ಕನೇ ಸಾಲನ್ನು ಬಹಳ ಜನ ಬಿಟ್ಟೇಬಿಡುತ್ತಾರೆ: ‘ಗಂಟಲು ಊದಿದರೆ ಉಸಿರಿನ ದಾರಿ ಮೊದಲು ನೋಡಿ. ಹೊಟ್ಟೆನೋವೂ ಈ ಕಾಯಿಲೆಯದ್ದೇ ಇರಬಹುದು.’ ಕರುಳು ಊದಿದಾಗ ಅಪೆಂಡಿಕ್ಸ್ ಅಂದುಕೊಂಡು ಸುಮ್ನೆ ಹೊಟ್ಟೆ ಕೊಯ್ಯಿಸಿಕೊಂಡವರಿದ್ದಾರೆ. ಹಾಗಂತ ನಿಜವಾದ ಅಪೆಂಡಿಕ್ಸ್ ಬರುವುದೇ ಇಲ್ಲ ಅಂತಲ್ಲ. ಸ್ಕ್ಯಾನ್ ಆಗಲಿ.

ಐದನೇ ಸಾಲು, ಕೊಡಬಾರದ ಔಷಧಿಗಳು. ರಾಮಿಪ್ರಿಲ್, ಎನಲಾಪ್ರಿಲ್ ಥರ ‘ಪ್ರಿಲ್’ ಅಂತ ಮುಗಿಯುವ ಬಿಪಿ ಮಾತ್ರೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ. ಇಷ್ಟೇ ಸಾಕು, ಬಾಲ್ಯದಿಂದ ಇಲ್ಲಿಯವರೆಗಿನ ಕಥೆ ಬರೆಯಬೇಡಿ.

ಕ್ಯೂಆರ್ ಕೋಡ್ ಇರುವ ಬಳೆ ಮಾರುತ್ತಾರೆ, ನನಗಂತೂ ಅದು ದಂಡ. ನೆಟ್‌ವರ್ಕ್ ಇಲ್ಲದ ಕ್ಯಾಶುಯಾಲ್ಟಿಯಲ್ಲಿ ಏನು ಸ್ಕ್ಯಾನ್ ಮಾಡುತ್ತಾರೆ? ಲ್ಯಾಮಿನೇಷನ್ನೂ ಬೇಡ, ಔಷಧಿ ಬದಲಾದರೆ ತಿದ್ದೋಕೆ ಆಗಲ್ಲ. ದಪ್ಪ ಕಾಗದಕ್ಕೆ ಐಡಿ ಕಾರ್ಡಿನ ಪ್ಲಾಸ್ಟಿಕ್ ಕವರು ಸಾಕು. ಒಂದು ಪರ್ಸಿಗೆ, ಒಂದು ಫ್ರಿಜ್ಜಿನ ಬಾಗಿಲಿಗೆ.

ಹಲ್ಲು ಕೀಳಿಸುವ ಮುಂಚೆ ಕಾರ್ಡನ್ನು ದಂತವೈದ್ಯರ ಮುಂದೆ ಇಡಿ. ಅಷ್ಟು ಗಾಯಕ್ಕೇ ಮುಖ, ಗಂಟಲು ಊದಬಹುದು. ಮೊದಲೇ ಹೇಳಿದರೆ ತಡೆಯುವ ಔಷಧಿ ಕೊಟ್ಟು ಶುರು ಮಾಡುತ್ತಾರೆ.

ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವರಿಗೂ ರಕ್ತಪರೀಕ್ಷೆ ಮಾಡಿಸಿ. ಕೂಸಿಗೆ ವರ್ಷ ತುಂಬುವ ಮುಂಚೆ ಮಾಡಿಸಿದ್ದರೆ, ತುಂಬಿದ ಮೇಲೆ ಇನ್ನೊಂದು ಸಲ ಮಾಡಿಸಬೇಕು.