ಇಲ್ಲಿ ಬಿ ಫಾರಂ ಕೊಡುವವರು ಮತದಾರರೇ: ಅಮೆರಿಕದ ಪ್ರೈಮರಿ ಜಗಳಗಳ ಬಗ್ಗೆ ಹೊಸದಾಗಿ ಬಂದವರಿಗೆ

2020ರ ಜನವರಿಯಲ್ಲಿ ನಮ್ಮೂರಿನ ಕನ್ನಡ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಒಂದು ಚಿತ್ರ ಹಾಕಿದರು. ಎಲಿಜಬೆತ್ ವಾರನ್ ಅವರ ಟ್ವೀಟ್‌ನ ಕೆಳಗೆ ಸಾಲುಸಾಲಾಗಿ ಹಸಿರು ಹಾವುಗಳು. ಮಗಳ ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು: "ಇದೇನು, ಈ ದೇಶದಲ್ಲಿ ನಾಗರಪಂಚಮಿ ಪುಷ್ಯ ಮಾಸದಲ್ಲೇ ಬರುತ್ತದೆಯೇ?"

ನಕ್ಕು ಮುಗಿಸಿ ಅವರಿಗೆ ವಿವರಿಸಲು ಕುಳಿತರೆ ಒಂದು ಗಂಟೆ ಸಾಲಲಿಲ್ಲ. ಹಾವು ಕಳುಹಿಸಿದವರು ರಿಪಬ್ಲಿಕನ್ನರಲ್ಲ. ವಾರನ್ ಅವರಂತೆಯೇ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಬಯಸಿದ್ದ ಬರ್ನಿ ಸ್ಯಾಂಡರ್ಸ್ ಅವರ ಅಭಿಮಾನಿಗಳು. ಮಹಿಳೆ ಗೆಲ್ಲಲಾರಳು ಎಂದು ಸ್ಯಾಂಡರ್ಸ್ 2018ರಲ್ಲಿ ಖಾಸಗಿಯಾಗಿ ತಮ್ಮೊಡನೆ ಹೇಳಿದ್ದರೆಂದು ವಾರನ್ ತಿಳಿಸಿದ್ದರು. ಸ್ಯಾಂಡರ್ಸ್ ಅದನ್ನು ಅಲ್ಲಗಳೆದಿದ್ದರು. ಹಾವುಗಳು ಬಂದದ್ದು ಅದಕ್ಕೆ. "ಹಾಗಾದರೆ ಇವರನ್ನು ಪಕ್ಷದಿಂದ ಉಚ್ಚಾಟಿಸುವುದಿಲ್ಲವೇ?" ಎಂಬುದು ಹಿರಿಯರ ಮುಂದಿನ ಪ್ರಶ್ನೆ. ಅಲ್ಲಿಂದಲೇ ಶುರುಮಾಡಬೇಕು.

ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಬಿ ಫಾರಂ ಸಿಗದವರು ಕಣ್ಣೀರಿಡುತ್ತಾರೆ, ಬಂಡಾಯ ಏಳುತ್ತಾರೆ, ಪಕ್ಷ ಆರು ವರ್ಷ ಹೊರಗಟ್ಟುತ್ತದೆ. ಅಮೆರಿಕದಲ್ಲಿ ಆ ಬಿ ಫಾರಂ ಕೊಡುವವರು ಮತದಾರರೇ. ರಾಜ್ಯದಿಂದ ರಾಜ್ಯಕ್ಕೆ, ಫೆಬ್ರುವರಿಯಿಂದ ಜೂನ್‌ವರೆಗೆ, ಒಂದೇ ಪಕ್ಷದವರು ಒಬ್ಬರ ಮೇಲೊಬ್ಬರು ಬಿದ್ದು ಸ್ಪರ್ಧಿಸುವ ಈ ಸುತ್ತಿಗೆ ಪ್ರೈಮರಿ ಎಂದು ಹೆಸರು. ಸ್ಯಾಂಡರ್ಸ್ ಅವರಂತೂ ಸೆನೆಟ್‌ನಲ್ಲಿ ಪಕ್ಷೇತರರು. ಆದರೂ 2016ರಲ್ಲಿ ಡೆಮಾಕ್ರಟಿಕ್ ಉಮೇದುವಾರಿಕೆಗೆ ಹಿಲರಿ ಕ್ಲಿಂಟನ್ ಎದುರು ನಿಂತರು, ಯಾರೂ ತಡೆಯಲಿಲ್ಲ. ಬೆಂಬಲಿಗರು ಚಂದಾ ಕಟ್ಟಿದ ಸದಸ್ಯರಲ್ಲ, ಹಾಗಾಗಿ ಹೊರಹಾಕಲು ಏನೂ ಇಲ್ಲ. ಅಭ್ಯರ್ಥಿ ಕೈಮುಗಿದು ಬೇಡಬಹುದು, ಅಷ್ಟೇ.

ಇನ್ನೊಂದು ತೊಡಕೂ ಇದೆ. ಒಂದೇ ಪಕ್ಷದವರಾದ್ದರಿಂದ ನೀತಿಯಲ್ಲಿ ಅಂತರ ಕಡಿಮೆ. ಆಗ ಜಗಳ "ನಿನ್ನ ನಾಯಕ ಏನು ಹೇಳಿದ" ಎನ್ನುವುದರಿಂದ "ನಿನ್ನ ಜೊತೆ ನಿಂತಿರುವವರು ಯಾರು, ಯಾವ ಬಣ್ಣದವರು, ಗಂಡಸರೋ ಹೆಂಗಸರೋ" ಎನ್ನುವುದಕ್ಕೆ ಬೇಗ ಜಾರುತ್ತದೆ. 2008ರಲ್ಲಿ ಕ್ಲಿಂಟನ್ ಎದುರು ಒಬಾಮಾ ನಿಂತಾಗ ಅವರ ಯುವಕರನ್ನು 'ಒಬಾಮಾ ಬಾಯ್ಸ್' ಎಂದು ಮೂದಲಿಸಿದ್ದರು. 2015ರ ಅಕ್ಟೋಬರ್‌ನಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯ ಬರಹವೊಂದು ಅದಕ್ಕೆ ಹೊಸ ಹೆಸರು ಕೊಟ್ಟಿತು: 'ಬರ್ನಿ ಬ್ರೋ'. ಬಿಳಿಯ, ಓದಿದ, ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಪಾಠ ಹೇಳುವ ತರುಣ. ಆರಂಭದಲ್ಲಿ ಇದು ತಮಾಷೆ; ಕೆಲವೇ ತಿಂಗಳಲ್ಲಿ ಬೈಗುಳ.

ಆ ಹೆಸರಿನ ಹಿಂದೆ ನಿಜವೇ ಇರಲಿಲ್ಲ ಎನ್ನಲಾಗದು. 2015ರ ಆಗಸ್ಟ್ 8ರಂದು ಸಿಯಾಟಲ್‌ನ ಸಭೆಯಲ್ಲಿ ಇಬ್ಬರು ಕಪ್ಪು ಮಹಿಳೆಯರು ಸ್ಯಾಂಡರ್ಸ್ ಅವರ ಮೈಕ್ ಹಿಡಿದರು. ಪೊಲೀಸರ ಕೈಯಲ್ಲಿ ಸಾಯುತ್ತಿರುವ ತಮ್ಮವರ ಬಗ್ಗೆ ಮಾತಾಡಬೇಕಿತ್ತು ಅವರಿಗೆ. ಸಭಿಕರು ಕೂಗಾಡಿದರು, ಸ್ಯಾಂಡರ್ಸ್ ಭಾಷಣವಿಲ್ಲದೆ ಇಳಿದುಹೋದರು. ಆ ದಿನಗಳಲ್ಲಿ ಜಾಲತಾಣದ ಅಭಿಮಾನಿಗಳು ಕಪ್ಪು ಜನರಿಗೆ ಮತ್ತೆ ಮತ್ತೆ ಒಪ್ಪಿಸುತ್ತಿದ್ದ ಪಾಠ ಒಂದೇ: ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಬರ್ನಿ ಇದ್ದರು, ನೀವು ಕೃತಜ್ಞರಾಗಿರಬೇಕು. ಇದನ್ನು ಅಣಕಿಸಲೆಂದೇ ಜುಲೈನಲ್ಲೇ 'ಬರ್ನಿ ಸೋ ಬ್ಲ್ಯಾಕ್' ಎಂಬ ಹ್ಯಾಶ್‌ಟ್ಯಾಗ್ ಹುಟ್ಟಿತ್ತು. ಅಭಿಮಾನಿಗಳು ವಾದ ಮಾಡುತ್ತಿದ್ದರೆ, ಅಭ್ಯರ್ಥಿ ಮಾತ್ರ ಸಿಯಾಟಲ್‌ನ ಬೆನ್ನಿಗೇ ಜನಾಂಗೀಯ ನ್ಯಾಯದ ಕುರಿತು ಪ್ರಣಾಳಿಕೆ ಪ್ರಕಟಿಸಿದರು, ಸಿಮೋನ್ ಸ್ಯಾಂಡರ್ಸ್ ಎಂಬ ಕಪ್ಪು ಯುವತಿಯನ್ನು ಪತ್ರಿಕಾ ಕಾರ್ಯದರ್ಶಿ ಮಾಡಿಕೊಂಡರು. ಯಜಮಾನನಿಗಿದ್ದ ವಿವೇಕ ಬಂಟರಿಗೆ ಇರಲಿಲ್ಲ.

ಆದರೆ ಅದೇ ಹೆಸರು ಬೇರೆ ಸಾವಿರಾರು ಜನರನ್ನು ಅಳಿಸಿಯೂ ಹಾಕಿತು. 2016ರ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ 30 ದಾಟದ ಮಹಿಳೆಯರಲ್ಲಿ ಹತ್ತಕ್ಕೆ ಎಂಟು ಮಂದಿ ಸ್ಯಾಂಡರ್ಸ್ ಕಡೆಗಿದ್ದರು. ಅದಕ್ಕೆ ಮುಂಚೆ ಅಲ್ಲಿ ಕ್ಲಿಂಟನ್ ಪರ ಮಾತಾಡಿದ ಮಾಜಿ ವಿದೇಶಾಂಗ ಸಚಿವೆ ಮ್ಯಾಡಲೀನ್ ಆಲ್ಬ್ರೈಟ್, ಒಬ್ಬರಿಗೊಬ್ಬರು ನೆರವಾಗದ ಹೆಂಗಸರಿಗೆ ನರಕದಲ್ಲಿ ವಿಶೇಷ ಜಾಗವಿದೆ ಎಂದಿದ್ದರು. ಹುಡುಗರು ಎಲ್ಲಿದ್ದಾರೋ ಅಲ್ಲಿಗೆ ಹುಡುಗಿಯರು ಹೋಗುತ್ತಾರೆ ಎಂಬ ಅರ್ಥದ ಮಾತನ್ನು ಹಿರಿಯ ಸ್ತ್ರೀವಾದಿ ಗ್ಲೋರಿಯಾ ಸ್ಟೈನೆಮ್ ಆಡಿದ್ದರು. ಇಬ್ಬರೂ ಆಮೇಲೆ ವಿಷಾದಿಸಿದರು. ಮಾರ್ಚ್ 26ರಂದು ಸ್ಯಾಂಡರ್ಸ್ ವಾಷಿಂಗ್ಟನ್, ಅಲಾಸ್ಕಾ, ಹವಾಯಿ ಮೂರನ್ನೂ ಗೆದ್ದಾಗ ಕೆಲವು ಟಿವಿ ಪಂಡಿತರು ಅವನ್ನು ಬಿಳಿಯರ ರಾಜ್ಯಗಳೆಂದರು. ಬಿಳಿಯರೇ ಅಲ್ಪಸಂಖ್ಯಾತರಾದ ಹವಾಯಿಯನ್ನು! ಕಪ್ಪು, ಏಷ್ಯನ್ ಬೆಂಬಲಿಗರು 'ಬರ್ನಿ ಮೇಡ್ ಮಿ ವೈಟ್' ಎಂದು ತಮ್ಮ ಫೋಟೋ ಹಾಕಿ ನಕ್ಕರು.

ಯಾರ ದನಿ ಎಷ್ಟು ಕೇಳಿಸುತ್ತದೆ ಎಂಬುದು ಮತ ಹಾಕುವ ವಿಧಾನಕ್ಕೂ ಸೇರಿದ್ದು. 2016ರ ಫೆಬ್ರುವರಿ 1ರ ರಾತ್ರಿ ನಾನು ಅಯೋವಾದ ಡಿ ಮೊಯ್ನ್‌ನಲ್ಲಿ ಸಹೋದ್ಯೋಗಿಯ ಬೆನ್ನುಹತ್ತಿ ಪ್ರೇಕ್ಷಕನಾಗಿ ಕಾಕಸ್‌ಗೆ, ಅಂದರೆ ಮತಗಟ್ಟೆಯ ಬದಲು ಪಕ್ಷದವರು ಒಂದೆಡೆ ಸೇರಿ ಅಭ್ಯರ್ಥಿಯನ್ನು ಆರಿಸುವ ಸಭೆಗೆ, ಹೋಗಿದ್ದೆ. ಪ್ರಾಥಮಿಕ ಶಾಲೆಯ ಒಳಾಂಗಣ ಆಟದ ಅಂಗಳ. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಬರ್ನಿ ಗುಂಪು, ಎದುರಿನ ಗೋಡೆಗೆ ಹಿಲರಿ ಗುಂಪು. ಗುಪ್ತ ಮತದಾನವಿಲ್ಲ, ನಿಂತ ಜಾಗವೇ ಮತ. ಕಣದಲ್ಲಿ ಉಳಿಯಲು ಬೇಕಾದ ಶೇಕಡಾ 15 ತಲುಪದ ಮೂರನೆಯ ಅಭ್ಯರ್ಥಿ ಓ'ಮ್ಯಾಲಿ ಕಡೆಯ ನಾಲ್ವರನ್ನು ಎರಡೂ ಕಡೆಯವರು ಹರಾಜಿನಂತೆ ಕೂಗಿ ಕರೆಯುತ್ತಿದ್ದರು. ತಲೆಯೆಣಿಕೆ ಇನ್ನೂ ಮುಗಿದಿರಲಿಲ್ಲ, ಹಿಲರಿ ಗುಂಪಿನ ತಾಯಿಯೊಬ್ಬಳು ರಚ್ಚೆ ಹಿಡಿದ ಮಗುವನ್ನೆತ್ತಿಕೊಂಡು ಹೊರಟುಹೋದಳು. ಅವಳ ಮತ ಅವಳೊಂದಿಗೇ ಹೋಯಿತು. ರಾತ್ರಿ ಪಾಳಿಯವರಂತೂ ಬಂದೇ ಇರಲಿಲ್ಲ. ಅದೇ ತಿಂಗಳ 27ರಂದು ದಕ್ಷಿಣ ಕ್ಯಾರೊಲಿನಾದಲ್ಲಿ ಸಾಮಾನ್ಯ ಮತಗಟ್ಟೆಯ ಪ್ರೈಮರಿ ನಡೆಯಿತು. ಮತ ಹಾಕಿದವರಲ್ಲಿ ಹತ್ತಕ್ಕೆ ಆರು ಮಂದಿ ಕಪ್ಪು ಜನರು, ಕ್ಲಿಂಟನ್‌ಗೆ ಶೇಕಡಾ 73 ದಾಟಿತು. 2024ರಲ್ಲಿ ಡೆಮಾಕ್ರಟರು ಅಯೋವಾವನ್ನು ಹಿಂದಕ್ಕೆ ತಳ್ಳಿ ದಕ್ಷಿಣ ಕ್ಯಾರೊಲಿನಾವನ್ನು ಮುಂದಿಟ್ಟದ್ದು ಸುಮ್ಮನೆ ಅಲ್ಲ.

ನಿಯಮ ಗೊತ್ತಿಲ್ಲದ ಕೋಪವೇ ಬಹಳ ಸಲ ಹೊಲಸು ಬಾಯಿಯಾಗುತ್ತದೆ. ಆಯಾ ಪಕ್ಷದ ಹೆಸರಲ್ಲಿ ನೋಂದಾಯಿಸಿದ ಮತದಾರರಿಗಷ್ಟೇ ಮತವಿದ್ದ ನ್ಯೂಯಾರ್ಕ್‌ನಲ್ಲಿ 2016ರ ಏಪ್ರಿಲ್ ಪ್ರೈಮರಿಗೆ ನೋಂದಣಿಯಲ್ಲಿ ಪಕ್ಷ ಬದಲಿಸಲು ಹಿಂದಿನ ಅಕ್ಟೋಬರ್‌ನಲ್ಲೇ ಗಡುವು ಮುಗಿದಿತ್ತು. (ಇವಾಂಕಾ ಮತ್ತು ಎರಿಕ್ ಟ್ರಂಪ್ ಕೂಡ ಗಡುವು ತಪ್ಪಿಸಿಕೊಂಡು ಅಪ್ಪನಿಗೆ ಮತ ಹಾಕಲಾಗದೆ ಉಳಿದರು.) ಮೇ 14ರಂದು ಲಾಸ್ ವೇಗಸ್‌ನಲ್ಲಿ ನಡೆದ ನೆವಾಡಾ ರಾಜ್ಯದ ಡೆಮಾಕ್ರಟಿಕ್ ಸಮಾವೇಶದಲ್ಲಿ ಸ್ಯಾಂಡರ್ಸ್ ಕಡೆಯ ಐವತ್ತಕ್ಕೂ ಹೆಚ್ಚು ಪ್ರತಿನಿಧಿಗಳನ್ನು ಅನರ್ಹಗೊಳಿಸಿದರು, ಅವರಲ್ಲಿ ಬಹುತೇಕರು ಗಡುವಿನೊಳಗೆ ಡೆಮಾಕ್ರಟರೆಂದು ನೋಂದಾಯಿಸಿಕೊಂಡಿರಲಿಲ್ಲ ಎಂಬುದು ಪಕ್ಷದ ವಾದ. ರಾಜ್ಯ ಘಟಕದ ಅಧ್ಯಕ್ಷೆ ರಾಬರ್ಟಾ ಲ್ಯಾಂಗ್ ಅವರ ಫೋನ್ ಸಂಖ್ಯೆ ಜಾಲತಾಣಕ್ಕೆ ಬಿತ್ತು. ಕೊಲೆ ಬೆದರಿಕೆಗಳು, ಹೆಣ್ಣೆಂಬ ಕಾರಣಕ್ಕೇ ಆರಿಸಿ ಬಳಸಿದ ಬೈಗುಳಗಳು ಅವರ ಮೊಬೈಲ್‌ಗೆ ಸುರಿದವು. 2020ರಲ್ಲಿ ಅದೇ ಊರಿನ ಹೋಟೆಲ್ ಕಾರ್ಮಿಕರ ಕಲಿನರಿ ಯೂನಿಯನ್ ಸ್ಯಾಂಡರ್ಸ್ ಅವರ ಆರೋಗ್ಯ ಯೋಜನೆಯನ್ನು ಟೀಕಿಸಿದಾಗ ಅದರ ಇಬ್ಬರು ನಾಯಕಿಯರಿಗೂ ಇದೇ ಗತಿಯಾಯಿತು. ಚರ್ಚೆಯಲ್ಲಿ ಕೇಳಿದಾಗ ಸ್ಯಾಂಡರ್ಸ್, ತಮ್ಮ ಅನುಯಾಯಿಗಳಲ್ಲಿ ಶೇಕಡಾ 99.9 ಮಂದಿ ಸಭ್ಯರು, ತಮ್ಮ ಪ್ರಚಾರದಲ್ಲಿರುವ ಕಪ್ಪು ಮಹಿಳೆಯರ ಮೇಲೂ ಇಂಥದೇ ದಾಳಿ ನಡೆದಿದೆ ಎಂದರು. ಎರಡನೆಯದು ನಿಜ, ಯಾರೂ ಗಮನಿಸಲಿಲ್ಲ. ಮೊದಲನೆಯದು ಲೆಕ್ಕಕ್ಕೆ ಸರಿಯಿರಬಹುದು, ಆದರೆ ಬೆದರಿಕೆ ಬಂದವಳು ಶೇಕಡಾವಾರು ಎಣಿಸುತ್ತ ಕೂರುವುದಿಲ್ಲ. ತಮಾಷೆಯೆಂದರೆ ಕೆಲವೇ ದಿನಗಳಲ್ಲಿ ಆ ಯೂನಿಯನ್ನಿನ ಸಾಮಾನ್ಯ ಸದಸ್ಯರು, ಲ್ಯಾಟಿನೋ ಹೆಂಗಸರೂ ಸೇರಿ, ಹೋಟೆಲ್‌ಗಳ ಕಾಕಸ್‌ನಲ್ಲಿ ಬಹುತೇಕ ಕಡೆ ಸ್ಯಾಂಡರ್ಸ್ ಅವರನ್ನೇ ಗೆಲ್ಲಿಸಿದರು.

ಬೈದ ಪ್ರತಿ ಖಾತೆಯ ಹಿಂದೆ ಬೆಂಬಲಿಗನೇ ಇದ್ದನೆಂದೂ ತಿಳಿಯಬೇಡಿ. ಕ್ಲಿಂಟನ್ ಅವರನ್ನು ತೆಗಳಿ, ಸ್ಯಾಂಡರ್ಸ್ ಮತ್ತು ಟ್ರಂಪ್ ಅವರನ್ನು ಬೆಂಬಲಿಸಿ ಎಂದು ರಷ್ಯಾದ ಒಂದು ಸಂಸ್ಥೆ ತನ್ನ ನೌಕರರಿಗೆ ಸೂಚಿಸಿದ್ದು ಅಮೆರಿಕ ಸರ್ಕಾರ ಅದರ ಮೇಲೆ ಹೊರಿಸಿದ 2018ರ ದೋಷಾರೋಪ ಪತ್ರದಲ್ಲೇ ಇದೆ.

ನಮ್ಮವರಿಗೆ ಹತ್ತಿರದ ಕಥೆ ಬೇಕೆಂದರೆ ಡೆಟ್ರಾಯ್ಟ್ ನೋಡಿ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಯನ್ನು ಸುಮಾರು ಶೇಕಡಾ 28 ಮತದಿಂದ ಗೆದ್ದರು. ಹಲವು ಕಪ್ಪು ಅಭ್ಯರ್ಥಿಗಳ ನಡುವೆ ಮತ ಹರಿದು ಹಂಚಿತ್ತು, ಅಲ್ಲಿ ಎರಡನೆಯ ಸುತ್ತಿಲ್ಲ. ಹತ್ತಿರಹತ್ತಿರ 70 ವರ್ಷಗಳಲ್ಲಿ ಮೊದಲ ಬಾರಿಗೆ ಆ ನಗರಕ್ಕೆ ಕಾಂಗ್ರೆಸ್‌ನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಾಯಿತು. "ನಮ್ಮ ಬೆಳಗಾವಿಯವರು ಗೆದ್ದರು" ಎಂದು ಕಚೇರಿಯಲ್ಲಿ ಸಿಹಿ ಹಂಚುವ ಮುನ್ನ ಪಕ್ಕದ ಮೇಜಿನ ಡೆಟ್ರಾಯ್ಟ್‌ನವಳು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾಳೆಂದು ಯೋಚಿಸಿ.

ಇನ್ನು ನಿಮ್ಮ ಪಾಡು. ಎಚ್-1ಬಿ ಇದ್ದರೆ ಸಂಬಳವಿಲ್ಲದೆ ಸ್ವಯಂಸೇವಕರಾಗಬಹುದು, ಆದರೆ ಒಂದು ಡಾಲರ್ ಕೂಡ ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಮತ ಮಾತ್ರ ಪೌರತ್ವದ ನಂತರವೇ. ಚಾಲನಾ ಪರವಾನಗಿಯ ಅರ್ಜಿಯಲ್ಲಿ ಮತದಾರರ ನೋಂದಣಿಯ ಚೌಕಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೆ ಗಡಿಪಾರಿನವರೆಗೂ ಹೋಗಬಹುದು. ಜಾಲತಾಣದಲ್ಲಿ ಹೊಲಸಾಗಿ ಬೈದವರನ್ನು ಸರ್ಕಾರ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಮಾತಿನ ಸ್ವಾತಂತ್ರ್ಯ ಕಾಯುವ, ಇಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಅಡ್ಡ ನಿಲ್ಲುತ್ತದೆ. ಬೆದರಿಕೆ ಬೇರೆ ವಿಷಯ: ರಾಜ್ಯದ ಗಡಿ ದಾಟಿದ ಕೊಲೆ ಬೆದರಿಕೆಗೆ ಐದು ವರ್ಷದವರೆಗೆ ಸೆರೆ. ಖಾಸಗಿ ಕಂಪನಿಗೆ ಆ ತಿದ್ದುಪಡಿ ಅನ್ವಯಿಸದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವೆಡೆ ಮಾತ್ರ ರಾಜಕೀಯ ಚಟುವಟಿಕೆಗೆ ರಾಜ್ಯ ಕಾನೂನಿನ ಒಂದಿಷ್ಟು ರಕ್ಷಣೆಯಿದೆ. ವೀಸಾ ಅರ್ಜಿಯಲ್ಲಿ ಐದು ವರ್ಷಗಳ ಸಾಮಾಜಿಕ ಜಾಲತಾಣ ಖಾತೆಗಳ ಹೆಸರನ್ನು 2019ರಿಂದ ಕೇಳುತ್ತಿದ್ದಾರೆ ಎಂಬುದೂ ನೆನಪಿರಲಿ.

ಗುಟ್ಟಿನ ವಿಚಾರದಲ್ಲಿ ನಮ್ಮವರು ಹೆಚ್ಚು ಬೆಚ್ಚುತ್ತಾರೆ. ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು, ಮತ ಹಾಕಿದಿರಿ ಎಂಬುದು ಗುಟ್ಟಲ್ಲ. ಅನೇಕ ರಾಜ್ಯಗಳಲ್ಲಿ ನೀವು ನೋಂದಾಯಿಸಿದ ಪಕ್ಷವೂ ದಾಖಲೆಯಲ್ಲಿ ಸಿಗುತ್ತದೆ. ಡೆಮಾಕ್ರಟರಿಗೆ ದೇಣಿಗೆ ತಲುಪಿಸುವ ಆ್ಯಕ್ಟ್‌ಬ್ಲೂ ಎಂಬ ಜಾಲತಾಣದ ಮೂಲಕ ಕೊಟ್ಟ ಐದು ಡಾಲರ್ ಕೂಡ ಕೇಂದ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಬೀಳುತ್ತದೆ. ಗ್ರೀನ್ ಕಾರ್ಡ್ ಬಂದ ಉತ್ಸಾಹದಲ್ಲಿ ನಾನು ಕೊಟ್ಟ 27 ಡಾಲರ್‌ಗಳನ್ನು ಮೊನ್ನೆ ಹುಡುಕಿ ನೋಡಿದೆ: ನನ್ನ ಹೆಸರು, ಊರು, ತಾರೀಖು, ನಾನು ಕೆಲಸ ಮಾಡುವ ಕಂಪನಿ, ಹುದ್ದೆ ಎಲ್ಲವೂ ಅಚ್ಚುಕಟ್ಟಾಗಿ ಇದ್ದವು. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, "ಇನ್ನೂರು ಕೊಟ್ಟೆ ಎಂದಿದ್ದಿರಲ್ಲ?" ಎಂದಳು.