ಅಪರಾಧದ ನಂತರದ ಬದುಕಿನ ಸಿನಿಮಾ: ಎಡಿಟರ್ ಆಗಿ ನನ್ನ ಅನುಭವ

ಕಥೆಯನ್ನು ಎರಡು ಸಾಲಿನಲ್ಲಿ ಹೇಳಬಹುದು. ರಾತ್ರಿ ಮನೆಗೆ ಕಳ್ಳರು ನುಗ್ಗುತ್ತಾರೆ, ಗಂಡನ ಕೊಲೆಯಾಗುತ್ತದೆ. ಹೆಂಡತಿ ಮತ್ತು ಹದಿಹರೆಯದ ಮಗಳು ಅದೇ ಮನೆಯಲ್ಲಿ ಬದುಕು ಮುಂದುವರಿಸಬೇಕು. ಇಂಥ ಸಿನಿಮಾದಲ್ಲಿ ಎಡಿಟರ್ ಮಾಡುವ ದೊಡ್ಡ ನಿರ್ಧಾರ ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅನ್ನುವುದು. ಅಪರಾಧ ನಡೆಯುವುದು ಕೆಲವೇ ನಿಮಿಷ. ಅದರ ನಂತರದ್ದು ವರ್ಷಗಟ್ಟಲೆ. ಸಿನಿಮಾದ ಸಮಯವೂ ಹಾಗೇ ಹಂಚಿಕೆಯಾಗಬೇಕು ಅಂತ ನಾನು ನಿರ್ದೇಶಕಿಗೆ ಮೊದಲೇ ಹೇಳಿದ್ದೆ. ಅವರೂ ಒಪ್ಪಿದ್ದರು.

ಕೊಲೆಯ ದೃಶ್ಯವನ್ನು ಪೂರ್ತಿ ಶೂಟ್ ಮಾಡಿದ್ದರು. ತುಂಬಾ ಚೆನ್ನಾಗಿ ಬಂದಿತ್ತು. ಆದರೂ ತೆಗೆದೆವು. ಹಿಂಸೆಯನ್ನು ಇಂಚಿಂಚಾಗಿ ತೋರಿಸಿದರೆ ನೋಡುವವರ ತಲೆಯಲ್ಲಿ ಅದೇ ಕೂತುಬಿಡುತ್ತದೆ. ನಾವು ಯಾರ ಕಥೆ ಹೇಳಲು ಹೊರಟೆವೋ ಆ ಹೆಂಗಸು ಹಿಂದೆ ಸರಿಯುತ್ತಾಳೆ. ಥಿಯೇಟರಿನಲ್ಲಿ ಇಂಥದ್ದನ್ನು ಅನುಭವಿಸಿದವರೂ ಕೂತಿರುತ್ತಾರೆ, ಅಲ್ವಾ? ಅವರನ್ನು ಮತ್ತೆ ಆ ರಾತ್ರಿಗೆ ತಳ್ಳುವ ಹಕ್ಕು ನಮಗಿಲ್ಲ.

ಇನ್ನೊಂದು ಕಾರಣ ನೆನಪಿಗೆ ಸಂಬಂಧಿಸಿದ್ದು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿಯನ್ನು (ದೊಡ್ಡ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ತನ್ನ ಕಾಯಿಲೆಗಳ ಕೈಪಿಡಿಯಲ್ಲಿ ಸೇರಿಸಿತು. ಅದರ ಮುಖ್ಯ ಲಕ್ಷಣಗಳಲ್ಲಿ ಒಂದು, ಬೇಡ ಅಂದರೂ ನುಗ್ಗಿ ಬರುವ ನೆನಪು. ಆ ನೆನಪು ಎಷ್ಟೋ ಸಲ ಚೂರುಚೂರಾಗಿ ಬರುತ್ತದೆ. ಒಂದು ಸದ್ದು, ಒಂದು ವಾಸನೆ, ಒಂದು ಬೆಳಕು. ಸಿನಿಮಾಗಳಲ್ಲಿ ಬರುವ ಅಚ್ಚುಕಟ್ಟಾದ ಫ್ಲ್ಯಾಶ್‌ಬ್ಯಾಕ್ ಕಥೆ ಹೇಳುವವರಿಗೆ ಅನುಕೂಲ, ಅನುಭವಕ್ಕೆ ದೂರ. ಹಾಗಾಗಿ ಆ ಇಡೀ ದೃಶ್ಯದಿಂದ ಎರಡನ್ನೇ ಉಳಿಸಿಕೊಂಡೆ: ಚಿಲಕದ ಸದ್ದು, ನೆಲದ ಮೇಲೆ ಬಿದ್ದ ಟಾರ್ಚ್ ಬೆಳಕು. ನಮ್ಮ ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು, ಅಂದರೆ ಒಂದು ಸೆಕೆಂಡಿನಲ್ಲಿ 24 ಬಿಡಿ ಚಿತ್ರಗಳು. ಟಾರ್ಚ್ ಬೆಳಕಿಗೆ 8 ಫ್ರೇಮ್ ಕೊಟ್ಟೆ, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಅದಕ್ಕಿಂತ ಜಾಸ್ತಿ ಕೊಟ್ಟಾಗ ನೋಡುವವರು ಏನದು ಅಂತ ಯೋಚಿಸಲು ಶುರು ಮಾಡುತ್ತಿದ್ದರು. 8 ಫ್ರೇಮಿನಲ್ಲಿ ಸುಮ್ನೆ ಬೆಚ್ಚುತ್ತಿದ್ದರು. ನನಗೆ ಬೇಕಾಗಿದ್ದು ಅದೇ.

ಹೇಳಿಕೆಯ ದೃಶ್ಯಗಳ ಮೇಲೆ ನಾನು ಜಾಸ್ತಿ ಕೂತೆ. ಅಂಥ ರಾತ್ರಿಯನ್ನು ಒಮ್ಮೆ ಹೇಳಿದರೆ ಮುಗಿಯುವುದಿಲ್ಲ. ಪೊಲೀಸರ ಮುಂದೆ, ವಕೀಲರ ಮುಂದೆ, ಕೋರ್ಟಿನಲ್ಲಿ, ನಡುವೆ ನೋಡಲು ಬಂದ ನೆಂಟರ ಮುಂದೆ. ಸ್ಕ್ರಿಪ್ಟಿನಲ್ಲಿ ಎಲ್ಲವೂ ಉದ್ದಕ್ಕೆ ಇದ್ದವು. ಮೊದಲ ಸಲ ಮಾತು ತಡವರಿಸುತ್ತದೆ, ಹಿಂದಿನದು ಮುಂದೆ ಬರುತ್ತದೆ. ಆ ದೃಶ್ಯಕ್ಕೆ ಒಂದೂ ಕಟ್ ಹಾಕಲಿಲ್ಲ. ವಕೀಲರ ಮುಂದೆ ಹೇಳುವಾಗ ಅದು ಬಾಯಿಪಾಠದಂತೆ ಬರುತ್ತದೆ, ಅಲ್ಲಿ ಅರ್ಧಕ್ಕೇ ಬಿಟ್ಟು ಮುಂದೆ ಹೋದೆ. ಕೋರ್ಟಿನಲ್ಲಿ ಅವಳು ಎಲ್ಲೂ ನಿಲ್ಲದೆ ಹೇಳುತ್ತಾಳೆ, ಬೇರೆ ಯಾರದೋ ಕಥೆ ಹೇಳಿದ ಹಾಗೆ. ಆಗ ನಾನು ಅವಳ ಮುಖ ತೋರಿಸಲೇ ಇಲ್ಲ. ಇಡೀ ಹೇಳಿಕೆ ಮಗಳ ಮುಖದ ಮೇಲೆ ಕೇಳಿಸುತ್ತದೆ. ಅಮ್ಮ ತನ್ನಿಂದ ಏನೇನು ಮುಚ್ಚಿಟ್ಟಿದ್ದಳು ಅಂತ ಅವಳಿಗೆ ಅಲ್ಲೇ ಮೊದಲು ತಿಳಿಯುವುದು.

ಇನ್ನು ಅಳು. ನಟಿ ಅದ್ಭುತವಾಗಿ ಅತ್ತ ಟೇಕ್‌ಗಳಿದ್ದವು. ನಾನು ಹೆಚ್ಚಿನ ಕಡೆ ಆರಿಸಿದ್ದು ಅಳದ ಟೇಕ್‌ಗಳನ್ನು. ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಎಡಿಟಿಂಗ್ ಕಲಿತವರಿಗೆಲ್ಲ ಗೊತ್ತು. ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ ಇಟ್ಟರೆ ಹಸಿವು ಕಾಣುತ್ತದೆ, ಶವಪೆಟ್ಟಿಗೆಯ ಪಕ್ಕ ಇಟ್ಟರೆ ದುಃಖ. ಖಾಲಿ ಚಪ್ಪಲಿ ಸ್ಟ್ಯಾಂಡಿನ ಶಾಟ್, ಆಮೇಲೆ ಏನೂ ಹೇಳದ ಅವಳ ಮುಖ. ಅಷ್ಟು ಸಾಕಾಯಿತು. ಹಿನ್ನೆಲೆ ಸಂಗೀತವನ್ನೂ ಇದೇ ಲೆಕ್ಕದಲ್ಲಿ ಕಡಿಮೆ ಮಾಡಿಸಿದೆ.

ರಫ್ ಕಟ್, ಅಂದರೆ ಸಿನಿಮಾದ ಮೊದಲ ಕರಡು ಜೋಡಣೆ, ಆದ ಮೇಲೆ ನೊಂದವರ ಜೊತೆ ಕೆಲಸ ಮಾಡುವ ಆಪ್ತ ಸಲಹೆಗಾರರೊಬ್ಬರಿಗೆ ತೋರಿಸಿದೆವು. ಎಲ್ಲಿ ಸುಳ್ಳು ಅನಿಸುತ್ತದೆ ಹೇಳಿ ಅಂತ ಕೇಳಿದೆವು. "ಈಕೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಾಳಲ್ಲ" ಅಂದರು. ತಕ್ಷಣ ಬಿಟ್ಟಿದ್ದ ಶಾಟ್‌ಗಳನ್ನೆಲ್ಲ ತೆರೆದು ಹುಡುಕಿದೆ. ಅವಳು ಕುರ್ಚಿ ತಿರುಗಿಸಿ ಬಾಗಿಲ ಕಡೆ ಮುಖ ಮಾಡುವ ಶಾಟ್ ಇತ್ತು. ಅದನ್ನು ತಂದು ಸೇರಿಸಿದೆ.

ಚೇತರಿಕೆ ನೇರ ದಾರಿಯಲ್ಲಿ ಸಾಗುವುದಿಲ್ಲ ಅಂತ ತೋರಿಸಲು ದೃಶ್ಯಗಳ ಜಾಗ ಬದಲಿಸಬೇಕಾಯಿತು. ಅವಳು ಸಹೋದ್ಯೋಗಿಯ ಮಾತಿಗೆ ಮೊದಲ ಸಲ ನಗುವ ದೃಶ್ಯ ಸ್ಕ್ರಿಪ್ಟಿನಲ್ಲಿ ಕೊನೆಯ ಹತ್ತಿರ ಇತ್ತು. ಅಲ್ಲಿ ಅದು ಬಹುಮಾನ ಕೊಟ್ಟ ಹಾಗಿತ್ತು. ನಾನು ಮಧ್ಯಕ್ಕೆ ತಂದೆ. ನಕ್ಕ ಮೇಲೆ ಅವಳಿಗೆ ತಪ್ಪಿತಸ್ಥ ಭಾವ ಬರುತ್ತದೆ. ಅದೇ ರಾತ್ರಿ ಪಕ್ಕದ ಮನೆಯ ಚಿಲಕದ ಸದ್ದಿಗೆ ಎದ್ದು ಕೂರುತ್ತಾಳೆ. ನನ್ನ ಮಟ್ಟಿಗೆ ಇಡೀ ಸಿನಿಮಾದಲ್ಲಿ ಅತ್ಯಂತ ನಿಜವಾದ ಭಾಗ ಅದು.

ಅವಳು ಜೈಲಿನಲ್ಲಿ ಅಪರಾಧಿಯನ್ನು ಭೇಟಿಯಾಗುವ ದೃಶ್ಯವೂ ಇದೆ. ಇಂಥ ಭೇಟಿಗಳ ಈಗಿನ ರೂಪ 1974ರಲ್ಲಿ ಕೆನಡಾದ ಕಿಚನರ್ ಪಟ್ಟಣದ ಒಂದು ಪ್ರಕರಣದಿಂದ ಬೆಳೆಯಿತು. ಅಲ್ಲಿ ಇಬ್ಬರು ಹುಡುಗರು ತಾವು ಹಾಳು ಮಾಡಿದ ಆಸ್ತಿಯ ಮಾಲೀಕರನ್ನು ಮುಖಾಮುಖಿ ಕಂಡಿದ್ದರು. ಈ ಭೇಟಿಗಳಲ್ಲಿ ಕ್ಷಮಿಸಲೇಬೇಕು ಅಂತ ಯಾರೂ ಒತ್ತಾಯ ಮಾಡಬಾರದು. ನಮ್ಮ ಸ್ಕ್ರಿಪ್ಟಿನಲ್ಲಿ ಕೊನೆಗೆ ಕ್ಷಮೆಯ ಮಾತಿತ್ತು. ಅದನ್ನು ಬಿಟ್ಟೆವು. "ಅವರು ಕೊನೆಗೆ ಏನಾದರೂ ಹೇಳಿದರಾ?" ಅಂತ ಅವಳು ಗಂಡನ ಬಗ್ಗೆ ಕೇಳುತ್ತಾಳೆ. "ನೆನಪಿಲ್ಲ" ಅನ್ನುತ್ತಾನೆ. ಅಲ್ಲಿಗೆ ಕಟ್.

ತೀರ್ಪು ಬಂದ ಮೇಲೂ ನಮ್ಮ ಸಿನಿಮಾ ಸಾಕಷ್ಟು ಹೊತ್ತು ನಡೆಯುತ್ತದೆ. ಜನ ಎದ್ದು ಹೋಗುತ್ತಾರೆ ಅಂತ ನಿರ್ಮಾಪಕರಿಗೆ ಚಿಂತೆ. ತೀರ್ಪಿನಿಂದ ಕೇಸು ಮುಗಿಯುತ್ತದೆ ಸರ್, ಇವಳ ಬದುಕು ಮುಗಿಯಲ್ಲ ಅಂತ ನಾನು ಪಟ್ಟು ಹಿಡಿದೆ. ಆ ಭಾಗದಲ್ಲಿ ಇರುವುದೆಲ್ಲ ಬರೀ ಕೆಲಸಗಳು: ಬ್ಯಾಂಕ್ ಖಾತೆಯಿಂದ ಗಂಡನ ಹೆಸರು ತೆಗೆಸುವುದು, ಮಗಳ ಅರ್ಜಿಯಲ್ಲಿ ತಂದೆಯ ಜಾಗ ತುಂಬುವುದು, ಆ ಕೋಣೆಗೆ ಬಣ್ಣ ಹೊಡೆಸುವುದು. ಮೊದಲ ಪ್ರದರ್ಶನದಲ್ಲಿ ತೀರ್ಪಿನ ಹೊತ್ತಿಗೆ ಕೆಲವರು ಏಳಲು ಹೊರಟರು. ಬ್ಯಾಂಕಿನ ದೃಶ್ಯ ಶುರುವಾದಾಗ ಮತ್ತೆ ಕೂತರು. ಆ ಭಾಗ ಕತ್ತರಿಸಿ ಅಂತ ಆಮೇಲೆ ಯಾರೂ ಕೇಳಲಿಲ್ಲ.